ಹಬ್ಬದ ದಿನವನ್ನು ಗೊತ್ತುಮಾಡುವವರು: ಯೆಹೂದಿ ಧರ್ಮಚಿಂತನೆಯಲ್ಲಿ ಕಾಲ

ಕೇಳುಗರೆಲ್ಲರಿಗೂ ನಮಸ್ಕಾರ. ಯೆಹೂದಿ ಧರ್ಮಚಿಂತನೆ ಕಾಲವನ್ನು ಹೇಗೆ ಅರ್ಥಮಾಡಿಕೊಂಡಿದೆ ಎಂಬುದು ಇಂದಿನ ಭಾಷಣದ ವಿಷಯ.

ಯೆಹೂದಿ ಧರ್ಮಶಾಸ್ತ್ರದ ಮೂಲ ಸಂಕಲನವಾದ ಮಿಶ್ನಾ ಕ್ರಿ.ಶ. 200ರ ಸುಮಾರಿಗೆ ರಬ್ಬಿ ಯೆಹೂದಾ ಹನಾಸಿ ಅವರ ಕೈಯಲ್ಲಿ ರೂಪ ಪಡೆಯಿತು. ಅಷ್ಟು ದೊಡ್ಡ ಗ್ರಂಥ ಆರಂಭವಾಗುವುದು ಹೊತ್ತಿನ ಪ್ರಶ್ನೆಯೊಂದರಿಂದ: ದೇವರು ಒಬ್ಬನೇ ಎಂದು ಸಾರುವ, ಸಂಜೆ ಹೇಳಬೇಕಾದ ‘ಶೆಮಾ’ ಪಠಣವನ್ನು ಯಾವ ಹೊತ್ತಿನಿಂದ ಹೇಳಬಹುದು? ಯಾಜಕರು ತಮ್ಮ ಪಾಲಿನ ಪವಿತ್ರ ಆಹಾರವನ್ನು ಉಣ್ಣಲು ಒಳಗೆ ಹೋಗುವ ಹೊತ್ತಿನಿಂದ ಎಂದು ಉತ್ತರ ಬರುತ್ತದೆ. ಎಲ್ಲಿಯವರೆಗೆ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ರಾತ್ರಿಯ ಮೊದಲ ಜಾವ ಮುಗಿಯುವವರೆಗೆ ಎನ್ನುತ್ತಾರೆ ರಬ್ಬಿ ಎಲಿಯೇಜರ್. ನಡುರಾತ್ರಿಯವರೆಗೆ ಎನ್ನುತ್ತಾರೆ ಇತರ ಪಂಡಿತರು. ಬೆಳಕು ಹರಿಯುವವರೆಗೆ ಎನ್ನುತ್ತಾರೆ ರಬ್ಬಾನ್ ಗಮ್ಲಿಯೇಲ್. ಈ ಗಮ್ಲಿಯೇಲರ ಮಕ್ಕಳು ಒಮ್ಮೆ ಔತಣದ ಮನೆಯಿಂದ ತಡವಾಗಿ ಬಂದು, ಶೆಮಾ ಹೇಳುವುದು ಉಳಿದುಹೋಯಿತೆಂದು ತಿಳಿಸಿದಾಗ, ಇನ್ನೂ ಬೆಳಕು ಹರಿದಿಲ್ಲವಾದರೆ ನೀವು ಹೇಳಲೇಬೇಕು ಎಂದು ತಂದೆ ಉತ್ತರಿಸಿದರೆಂದು ಮಿಶ್ನಾ ದಾಖಲಿಸುತ್ತದೆ. ದೇವರನ್ನು ನೆನೆಯುವುದಕ್ಕೂ ಆರಂಭದ ಹೊತ್ತೊಂದು, ಮುಗಿಯುವ ಹೊತ್ತೊಂದು ಇದೆ, ಆ ಎರಡು ಅಂಚುಗಳನ್ನು ಮನುಷ್ಯರು ಕೂತು ಚರ್ಚಿಸಿ ಗೊತ್ತುಮಾಡಬೇಕು ಎಂಬ ಈ ನಿಲುವಿನಲ್ಲಿಯೇ ಯೆಹೂದಿ ಕಾಲಚಿಂತನೆಯ ಜೀವಾಳವಿದೆ ಎಂದು ನಾನು ತಿಳಿದಿದ್ದೇನೆ.

ಯೆಹೂದಿಗಳ ದಿನ ಸಂಜೆಯಿಂದ ಮೊದಲಾಗುತ್ತದೆ. ಬೈಬಲಿನ ಆದಿಕಾಂಡದಲ್ಲಿ ಸೃಷ್ಟಿಯ ಪ್ರತಿಯೊಂದು ದಿನವನ್ನು ಹೇಳುವಾಗಲೂ ಸಾಯಂಕಾಲ ಮೊದಲು, ಪ್ರಾತಃಕಾಲ ಆಮೇಲೆ ಬರುವುದೇ ಇದಕ್ಕೆ ಆಧಾರ. ಹೀಗೆ ದಿನ ಬದಲಾಗುವುದು ಮುಚ್ಚಂಜೆಯಲ್ಲಾದರೆ, ಆ ಮುಚ್ಚಂಜೆ ಯಾವ ದಿನಕ್ಕೆ ಸೇರಬೇಕು? ಮಿಶ್ನಾದ ಮೇಲೆ ಪಂಡಿತರು ನಡೆಸಿದ ಚರ್ಚೆಗಳ ಸಂಗ್ರಹವಾದ ತಾಲ್ಮುಡ್ ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಎತ್ತಿಕೊಳ್ಳುತ್ತದೆ. ಕೆಲವರು ಅದಕ್ಕೆ ಇಂತಿಷ್ಟು ದೂರ ನಡೆಯುವಷ್ಟು ಹೊತ್ತು ಎಂದು ಅಳತೆ ಕೊಟ್ಟರು. ರಬ್ಬಿ ಯೋಸೆ ಮಾತ್ರ ಅದು ಕಣ್ಣೆವೆ ಇಕ್ಕುವಷ್ಟು, ಹಗಲು ಹೊರಡುವಾಗಲೇ ಇರುಳು ಬಂದಿರುತ್ತದೆ, ಆ ಗಳಿಗೆಯನ್ನು ಹಿಡಿದು ನಿಲ್ಲಿಸಲಾಗದು ಎಂದರು. ಈ ಅನಿಶ್ಚಯಕ್ಕೆ ಧರ್ಮಶಾಸ್ತ್ರ ಕಂಡುಕೊಂಡ ಪರಿಹಾರ ಬಹಳ ಚೆಲುವಾದದ್ದು. ಸಾಮಾನ್ಯ ಕಾಲದಿಂದ ಸ್ವಲ್ಪವನ್ನು ತೆಗೆದು ಪವಿತ್ರ ಕಾಲಕ್ಕೆ ಸೇರಿಸಬೇಕೆಂದು ಅದು ವಿಧಿಸಿತು. ಇಂದಿಗೂ ಹಲವು ಸಮುದಾಯಗಳಲ್ಲಿ ಶುಕ್ರವಾರದ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು, ಯೆರೂಸಲೇಮಿನಲ್ಲಿ 40 ನಿಮಿಷ ಮೊದಲು, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ದೀಪ ಹಚ್ಚುತ್ತಾರೆ. ಮರುದಿನ ನಕ್ಷತ್ರಗಳು ಕಾಣಿಸಿಕೊಂಡ ಮೇಲೆಯೇ ಆ ದಿನವನ್ನು ಬೀಳ್ಕೊಡುತ್ತಾರೆ. ಇಪ್ಪತ್ತನಾಲ್ಕು ಗಂಟೆಗಳ ಪವಿತ್ರ ದಿನ ಹೀಗೆ ಎರಡೂ ಕಡೆಯಿಂದ ಬೆಳೆಯುತ್ತದೆ, ಬೆಳೆಸುವವರು ಮನುಷ್ಯರು.

ತಿಂಗಳ ವಿಷಯದಲ್ಲಿ ಮನುಷ್ಯರ ಪಾಲು ಇದಕ್ಕಿಂತ ದೊಡ್ಡದು. ಈಜಿಪ್ಟಿನ ದಾಸ್ಯದಿಂದ ಹೊರಡುವ ಮುನ್ನ ಇಸ್ರಾಯೇಲ್ ಜನಾಂಗಕ್ಕೆ ಸಿಕ್ಕ ಮೊದಲ ವಿಧಿಯೇ ತಿಂಗಳಿಗೆ ಸಂಬಂಧಿಸಿದ್ದು. ಈ ತಿಂಗಳು ನಿಮಗೆ ತಿಂಗಳುಗಳಲ್ಲೆಲ್ಲ ಮೊದಲನೆಯದಾಗಲಿ ಎಂದು ವಿಮೋಚನಕಾಂಡದ 12ನೆಯ ಅಧ್ಯಾಯ ಹೇಳುತ್ತದೆ. ಇಟಲಿಯಲ್ಲಿ ಬಾಳಿ 1550ರಲ್ಲಿ ತೀರಿಕೊಂಡ ಭಾಷ್ಯಕಾರ ಒವಾದ್ಯಾ ಸ್ಫೋರ್ನೊ ಇದಕ್ಕೆ ಕೊಟ್ಟ ವಿವರಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ದಾಸರಾಗಿದ್ದಾಗ ನಿಮ್ಮ ದಿನಗಳು ನಿಮ್ಮವಾಗಿರಲಿಲ್ಲ, ಪರರ ಇಚ್ಛೆಗೆ ಮೀಸಲಾಗಿದ್ದವು, ಇನ್ನು ಮುಂದೆ ತಿಂಗಳುಗಳು ನಿಮ್ಮವು ಎಂಬುದೇ ಆ ವಾಕ್ಯದ ಆಶಯವೆಂದು ಅವರು ಬರೆದರು. ಬಿಡುಗಡೆ ಹೊಂದಿದವರಿಗೆ ನೆಲ ಸಿಗುವುದು ಎಷ್ಟೋ ವರ್ಷಗಳ ಅನಂತರ. ಕಾಲ ಅವರ ಕೈಗೆ ಮೊದಲೇ ಬಂದಿತು.

ಆ ಅಧಿಕಾರವನ್ನು ಅವರು ಬಳಸಿದ ಬಗೆಯನ್ನು ಮಿಶ್ನಾದ ‘ರೋಷ್ ಹಶಾನಾ’ ಪ್ರಕರಣ ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ಅಮಾವಾಸ್ಯೆ ಕಳೆದು ಎಳೆಯ ಚಂದ್ರನ ಗೆರೆಯನ್ನು ಕಂಡವರು ಯೆರೂಸಲೇಮಿನ ಬೇತ್ ಯಾಜೇಕ್ ಎಂಬ ದೊಡ್ಡ ಅಂಗಳಕ್ಕೆ ಬಂದು ನ್ಯಾಯಸಭೆಯ ಮುಂದೆ ಸಾಕ್ಷಿ ಹೇಳಬೇಕಾಗಿತ್ತು. ಸಾಕ್ಷಿಗಳು ಬರಲು ಹಿಂಜರಿಯಬಾರದೆಂದು ಅಲ್ಲಿ ಅವರಿಗೆ ಭರ್ಜರಿ ಊಟ ಹಾಕಿಸುತ್ತಿದ್ದರು. ಸಬ್ಬತ್ತಿನ ದಿನ ದೂರ ಪ್ರಯಾಣ ಮಾಡಬಾರದೆಂಬ ನಿಯಮವನ್ನೂ ಈ ಸಾಕ್ಷಿಗಳಿಗಾಗಿ ಸಡಿಲಿಸುತ್ತಿದ್ದರು. ಸಾಕ್ಷ್ಯ ಒಪ್ಪಿತವಾದರೆ ಸಭೆಯ ಮುಖ್ಯಸ್ಥರು ತಿಂಗಳು ಪವಿತ್ರವಾಯಿತೆಂದು ಸಾರುತ್ತಿದ್ದರು, ಅಲ್ಲಿಂದ ಹೊಸ ತಿಂಗಳು. ಸುದ್ದಿಯನ್ನು ಆಲಿವ್ ಬೆಟ್ಟದಿಂದ ಹಿಡಿದು ಬೆಟ್ಟದಿಂದ ಬೆಟ್ಟಕ್ಕೆ ಪಂಜು ಬೀಸುತ್ತ ಬಾಬಿಲೋನಿನ ಕಡೆಗೆ ಮುಟ್ಟಿಸುತ್ತಿದ್ದರು. ಎದುರಾಳಿ ಪಂಗಡದವರು ಸುಳ್ಳು ಪಂಜು ಉರಿಸಿ ದಾರಿ ತಪ್ಪಿಸತೊಡಗಿದ ಮೇಲೆ ಆಳುಗಳನ್ನೇ ಕಳುಹಿಸುವ ಪದ್ಧತಿ ಬಂದಿತು. ಆಳುಗಳು ಸಕಾಲಕ್ಕೆ ಮುಟ್ಟಲಾರದ ದೂರದ ಊರುಗಳಲ್ಲಿ, ಸಂಶಯ ಪರಿಹಾರಕ್ಕಾಗಿ ಹಬ್ಬವನ್ನು ಎರಡು ದಿನ ಆಚರಿಸಿದರು. ಇಸ್ರೇಲಿನ ಹೊರಗೆ ಸಂಪ್ರದಾಯಸ್ಥ ಯೆಹೂದಿಗಳು ಈಗಲೂ, ಈಜಿಪ್ಟಿನಿಂದ ಬಿಡುಗಡೆಯಾದುದನ್ನು ನೆನೆಯುವ ಪಸ್ಕದಂಥ ಹಬ್ಬಗಳಿಗೆ ಎರಡನೆಯ ದಿನವನ್ನು ಸೇರಿಸಿಕೊಳ್ಳುವುದು ಅಂದಿನ ಆ ಸಂಶಯದ ಮುಂದುವರಿಕೆ.

ನ್ಯಾಯಸಭೆ ತಪ್ಪು ಮಾಡಿದರೆ ಏನು ಗತಿ? ರೋಮನರು ದೇವಾಲಯವನ್ನು ನಾಶಮಾಡಿದ 70ನೆಯ ವರ್ಷದ ಅನಂತರ ಸಭೆ ಯಾವ್ನೆ ಎಂಬ ಊರಿನಲ್ಲಿ ಸೇರುತ್ತಿದ್ದ ಕಾಲದ ಪ್ರಸಂಗವಿದು. ಇಬ್ಬರು ಸಾಕ್ಷಿಗಳು ಬಂದು, ಚಂದ್ರನನ್ನು ಅದರ ಸಮಯಕ್ಕೆ ಸರಿಯಾಗಿ ಕಂಡೆವು, ಆದರೆ ಮರುರಾತ್ರಿ ಅದು ಕಾಣಿಸಲಿಲ್ಲ ಎಂದರು. ಸಭೆಯ ಮುಖ್ಯಸ್ಥರಾಗಿದ್ದ ಗಮ್ಲಿಯೇಲರು ಅದನ್ನು ಒಪ್ಪಿಕೊಂಡರು. ಹಿರಿಯರಾದ ರಬ್ಬಿ ದೋಸಾ ಸಿಟ್ಟಾದರು: ಹೆರಿಗೆಯಾಯಿತೆಂದು ಹೇಳಿದ ಹೆಂಗಸಿನ ಹೊಟ್ಟೆ ಮರುದಿನವೂ ಉಬ್ಬಿಕೊಂಡೇ ಇದ್ದರೆ ಆ ಮಾತನ್ನು ನಂಬುವುದು ಹೇಗೆ, ಇವರು ಸುಳ್ಳು ಸಾಕ್ಷಿಗಳು ಎಂದರು. ರಬ್ಬಿ ಯೆಹೋಶುವಾ ಆ ಮಾತಿಗೆ ದನಿಗೂಡಿಸಿದರು. ವಿಷಯ ಸಣ್ಣದಾಗಿರಲಿಲ್ಲ, ತಿಂಗಳ ಮೊದಲ ದಿನ ಬದಲಾದರೆ ವರ್ಷದ ಅತ್ಯಂತ ಗಂಭೀರ ದಿನವಾದ, ಉಪವಾಸದ ಪ್ರಾಯಶ್ಚಿತ್ತ ದಿನ ಯೋಮ್ ಕಿಪ್ಪೂರ್ ಕೂಡ ಬದಲಾಗುತ್ತದೆ. ಆಗ ಗಮ್ಲಿಯೇಲರು ಯೆಹೋಶುವಾ ಅವರಿಗೆ ಆಜ್ಞೆ ಕಳುಹಿಸಿದರು: ನಿಮ್ಮ ಲೆಕ್ಕದ ಪ್ರಕಾರ ಯೋಮ್ ಕಿಪ್ಪೂರ್ ಬೀಳುವ ದಿನವೇ, ಊರುಗೋಲು ಹಿಡಿದು, ಹಣದ ಚೀಲ ಇಟ್ಟುಕೊಂಡು ನನ್ನಲ್ಲಿಗೆ ಬರಬೇಕು. ತಾನು ಅತಿ ಪವಿತ್ರವೆಂದು ನಂಬಿದ ದಿನವನ್ನು ತನ್ನ ಕೈಯಾರೆ ಸಾಮಾನ್ಯ ದಿನವಾಗಿ ನಡೆಸಬೇಕೆಂಬುದು ಅದರ ಅರ್ಥ.

ಯೆಹೋಶುವಾ ಸಂಕಟದಲ್ಲಿ ಕುಳಿತಿದ್ದಾಗ ರಬ್ಬಿ ಅಕಿವಾ ಬಂದು, ಗಮ್ಲಿಯೇಲರು ಮಾಡಿದ್ದು ಮಾಡಿದಂತೆಯೇ ಸರಿ ಎಂದರು. ಇವು ಕರ್ತನ ಹಬ್ಬಗಳು, ಇವುಗಳನ್ನು ನೀವು ಸಾರಬೇಕು ಎಂದು ಯಾಜಕಕಾಂಡದಲ್ಲಿದೆ. ಸರಿಯಾದ ಸಮಯಕ್ಕೆ ಸಾರಿರಲಿ, ತಪ್ಪಾದ ಸಮಯಕ್ಕೆ ಸಾರಿರಲಿ, ನೀವು ಸಾರಿದವುಗಳ ಹೊರತು ಬೇರೆ ಹಬ್ಬಗಳು ದೇವರಿಗೂ ಇಲ್ಲ ಎಂಬುದು ಅಕಿವಾ ಅವರ ವಾದ. ದೋಸಾ ಕೂಡ, ಈ ಸಭೆಯ ತೀರ್ಮಾನವನ್ನು ಕೆದಕಹೊರಟರೆ ಮೋಶೆಯ ಕಾಲದಿಂದ ಇಲ್ಲಿಯವರೆಗಿನ ಪ್ರತಿಯೊಂದು ಸಭೆಯ ತೀರ್ಮಾನವನ್ನೂ ಕೆದಕಬೇಕಾದೀತು ಎಂದು ಬುದ್ಧಿ ಹೇಳಿದರು. ಯೆಹೋಶುವಾ ಊರುಗೋಲು ಹಿಡಿದು, ಹಣ ತೆಗೆದುಕೊಂಡು, ಆ ದಿನ ಯಾವ್ನೆಗೆ ನಡೆದುಹೋದರು. ಗಮ್ಲಿಯೇಲರು ಎದ್ದು ನಿಂತು, ಅವರ ತಲೆಗೆ ಮುತ್ತಿಟ್ಟು, ಬನ್ನಿ, ನೀವು ನನ್ನ ಗುರು, ನನ್ನ ಶಿಷ್ಯ. ಜ್ಞಾನದಲ್ಲಿ ಗುರು, ನನ್ನ ಮಾತನ್ನು ಮನ್ನಿಸಿದ್ದರಿಂದ ಶಿಷ್ಯ ಎಂದರು.

ಇದನ್ನು ಅಧಿಕಾರದ ಕಥೆಯೆಂದು ಮಾತ್ರ ಓದಿದರೆ ಅದರ ತಾತ್ವಿಕ ಧೈರ್ಯ ಕೈತಪ್ಪುತ್ತದೆ. ಆಕಾಶದಲ್ಲಿ ಚಂದ್ರ ಎಲ್ಲಿದ್ದಾನೆ ಎಂಬುದು ಒಂದು ಸತ್ಯ. ಭೂಮಿಯ ಮೇಲೆ ಇಂದು ಯಾವ ದಿನ ಎಂಬುದು ಇನ್ನೊಂದು ಸತ್ಯ. ಎರಡನೆಯದು ಜನ ಒಟ್ಟಾಗಿ ಒಪ್ಪಿ ನಡೆದಾಗ ಮಾತ್ರ ಹುಟ್ಟುತ್ತದೆ. ಮಿದ್ರಾಶ್ ಎಂಬ ವ್ಯಾಖ್ಯಾನ ಸಾಹಿತ್ಯ ಈ ಮಾತನ್ನು ಸ್ವರ್ಗದವರೆಗೂ ಒಯ್ಯುತ್ತದೆ. ಹೊಸ ವರ್ಷ ಯಾವಾಗ ಎಂದು ದೇವದೂತರು ದೇವರನ್ನು ಕೇಳಿದಾಗ, ನನ್ನನ್ನೇನು ಕೇಳುತ್ತೀರಿ, ನೀವೂ ನಾನೂ ಕೆಳಗಿನ ನ್ಯಾಯಸಭೆಯನ್ನು ಕೇಳೋಣ ಎಂದು ದೇವರು ಹೇಳುತ್ತಾನಂತೆ.

ಕಾಲಕ್ರಮೇಣ ಸಾಕ್ಷಿಗಳ ಜಾಗಕ್ಕೆ ಗಣಿತ ಬಂದಿತು. ನಮ್ಮ ಚಾಂದ್ರಮಾನ ಪಂಚಾಂಗದಲ್ಲಿ ಅಧಿಕ ಮಾಸ ಸೇರುವಂತೆ ಯೆಹೂದಿ ಪಂಚಾಂಗದಲ್ಲಿಯೂ 19 ವರ್ಷಗಳ ಆವರ್ತದಲ್ಲಿ 7 ಬಾರಿ ಒಂದು ತಿಂಗಳು ಹೆಚ್ಚಾಗಿ ಸೇರುತ್ತದೆ. ಪಸ್ಕ ಹಬ್ಬ ವಸಂತದಲ್ಲಿಯೇ ಬರಬೇಕೆಂಬುದು ಅದಕ್ಕೆ ಕಾರಣ. ಗಂಟೆಯನ್ನು 1080 ಅಂಶಗಳಾಗಿ ಭಾಗಿಸಿ, ಒಂದು ಚಾಂದ್ರಮಾಸವನ್ನು 29 ದಿನ, 12 ಗಂಟೆ, 793 ಅಂಶ ಎಂದು ಲೆಕ್ಕ ಹಾಕಲಾಯಿತು. ಗಣಿತ ಬಂದರೂ ವಿವಾದ ನಿಲ್ಲಲಿಲ್ಲ. ಅಮಾವಾಸ್ಯೆಯ ಕ್ಷಣ ನಡುಹಗಲನ್ನು ದಾಟಿದರೆ ಹೊಸ ವರ್ಷವನ್ನು ಮುಂದಕ್ಕೆ ಹಾಕಬೇಕು ಎಂಬ ನಿಯಮದಲ್ಲಿ, 642 ಅಂಶಗಳವರೆಗೆ, ಅಂದರೆ ಸುಮಾರು 36 ನಿಮಿಷಗಳವರೆಗೆ ದಾಟಿದರೂ ಅಡ್ಡಿಯಿಲ್ಲ ಎಂದು ಪ್ಯಾಲಿಸ್ತೀನಿನ ಮುಖ್ಯಸ್ಥ ಬೆನ್ ಮೇಯಿರ್ ಸಾರಿದರು. ಬಾಬಿಲೋನಿನ ಪಂಡಿತರು ಒಪ್ಪಲಿಲ್ಲ. ಆ ಕೆಲವು ನಿಮಿಷಗಳ ಭೇದದಿಂದಾಗಿ 922ರ ಪಸ್ಕ ಹಬ್ಬವನ್ನು ಒಂದು ಪಕ್ಷದವರು ಭಾನುವಾರ, ಇನ್ನೊಂದು ಪಕ್ಷದವರು ಮಂಗಳವಾರ ಆಚರಿಸಿದರು. ಬಾಬಿಲೋನಿನ ಪರವಾಗಿ ವಾದಿಸಿ ಗೆದ್ದವರು ಈಜಿಪ್ಟಿನ ಫಯ್ಯೂಮಿನಲ್ಲಿ ಹುಟ್ಟಿದ ಸಾದಿಯಾ.

ಇದೇ ಸಾದಿಯಾ 933ರಲ್ಲಿ ಅರಬ್ಬಿ ಭಾಷೆಯಲ್ಲಿ ಬರೆದ ತತ್ತ್ವಗ್ರಂಥದಲ್ಲಿ ಜಗತ್ತಿಗೆ ಆದಿಯಿದೆ ಎಂದು ಸಾಧಿಸಲು ನಾಲ್ಕು ವಾದಗಳನ್ನು ಮುಂದಿಟ್ಟರು. ನಾಲ್ಕನೆಯದು ಕಾಲವನ್ನೇ ಹಿಡಿದು ಹೊರಟ ವಾದ. ಕಳೆದ ಕಾಲಕ್ಕೆ ಕೊನೆಯೇ ಇಲ್ಲದಿದ್ದರೆ ಅದನ್ನು ದಾಟಿ ಅಸ್ತಿತ್ವವು ನಮ್ಮವರೆಗೆ ತಲಪುವುದು ಸಾಧ್ಯವಿರಲಿಲ್ಲ, ನಾವು ಇದ್ದೇವೆ, ಆದ್ದರಿಂದ ಕಳೆದ ಕಾಲಕ್ಕೆ ಮೊದಲಿದೆ. ಜಗತ್ತು ಅನಾದಿ ಎಂದ ಅರಿಸ್ಟಾಟಲನ ತತ್ತ್ವಕ್ಕೆ ಯೆಹೂದಿ ಚಿಂತಕರು ಕೊಟ್ಟ ಉತ್ತರಗಳ ಸಾಲಿನಲ್ಲಿ ಇದು ಮುಂಚಿನದು.

ಆ ಸಾಲಿನ ಶಿಖರ ಮೈಮೊನಿಡೀಸ್. 1138ರಲ್ಲಿ ಸ್ಪೇನಿನ ಕೊರ್ದೊಬಾದಲ್ಲಿ ಹುಟ್ಟಿ 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ಈ ವೈದ್ಯ, ಕಾಲವೆಂದರೆ ಚಲನೆಯ ಅಳತೆ ಎಂಬ ಅರಿಸ್ಟಾಟಲನ ಮಾತನ್ನು ಒಪ್ಪಿಕೊಂಡೇ ಅವನ ತೀರ್ಮಾನವನ್ನು ನಿರಾಕರಿಸಿದರು. ಕಾಲ ಚಲನೆಯನ್ನು ಅವಲಂಬಿಸಿದೆ, ಚಲನೆ ವಸ್ತುವನ್ನು ಅವಲಂಬಿಸಿದೆ, ವಸ್ತು ಸೃಷ್ಟಿಯಾದದ್ದು. ಹಾಗಾದರೆ ಕಾಲವೂ ಸೃಷ್ಟಿಯಾದದ್ದೇ. ಸೃಷ್ಟಿಗೆ ಮೊದಲು ದೇವರು ಇದ್ದ ಎನ್ನುವಾಗ ನಾವು ಬಳಸುವ ಆ ‘ಮೊದಲು’ ಕೇವಲ ಕಲ್ಪನೆಯ ಕಾಲವೆಂದು ಅವರು ಎಚ್ಚರಿಸುತ್ತಾರೆ. ಇಲ್ಲೊಂದು ತೊಡಕಿದೆ. ಆದಿಕಾಂಡದ ಪ್ರಕಾರ ಸೂರ್ಯಚಂದ್ರರು ನೆಲೆಗೊಂಡದ್ದು ನಾಲ್ಕನೆಯ ದಿನ. ಸೂರ್ಯನೇ ಇಲ್ಲದೆ ಮೊದಲ ಮೂರು ದಿನಗಳು ಎಣಿಕೆಗೆ ಸಿಕ್ಕಿದ್ದು ಹೇಗೆ? ಕಾಲದ ಕ್ರಮ ಸೃಷ್ಟಿಗೆ ಮೊದಲೇ ಇತ್ತೆಂದು ಪ್ರಾಚೀನ ರಬ್ಬಿಯೊಬ್ಬರು ಹೇಳಿದ್ದರು. ಆ ಮಾತನ್ನು ಒಪ್ಪಿದರೆ ದೇವರ ಜೊತೆಗೆ ಕಾಲವೂ ಅನಾದಿಯಾಗಿಬಿಡುತ್ತದೆ ಎಂದು ಮೈಮೊನಿಡೀಸ್ ಅದನ್ನು ತಳ್ಳಿಹಾಕಿದರು. ಅವರ ಹಟಕ್ಕೆ ಕಾರಣ ನನಗೆ ಸ್ಪಷ್ಟವಾಗಿ ಕಾಣುತ್ತದೆ: ಕಾಲವೂ ಒಂದು ಸೃಷ್ಟಿಯಾದರೆ ಅದಕ್ಕೆ ಯಾರೂ ಕೈಮುಗಿಯಬೇಕಾಗಿಲ್ಲ.

ಇನ್ನೂರು ವರ್ಷಗಳ ಅನಂತರ ಸ್ಪೇನಿನವರೇ ಆದ ಹಸ್ದಾಯಿ ಕ್ರೆಸ್ಕಾಸ್ ಈ ವಾದದ ಬುಡವನ್ನೇ ಅಲುಗಿಸಿದರು. 1391ರ ಗಲಭೆಗಳಲ್ಲಿ ಬಾರ್ಸಿಲೋನಾದಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡ ಮನುಷ್ಯ ಇವರು. 1410ರಲ್ಲಿ ಮುಗಿಸಿದ ಗ್ರಂಥದಲ್ಲಿ, ಚಲನೆಯನ್ನು ಅಳೆಯುವಂತೆ ನಿಶ್ಚಲತೆಯನ್ನೂ ಇಷ್ಟು ಹೊತ್ತು ಎಂದು ಅಳೆಯುತ್ತೇವಲ್ಲ ಎಂದು ಕೇಳಿದರು. ಹಾಗಿದ್ದರೆ ಕಾಲ ಚಲನೆಗೆ ಕಟ್ಟುಬಿದ್ದದ್ದಲ್ಲ. ಎರಡು ಕ್ಷಣಗಳ ನಡುವಿನ ಮುಂದುವರಿಕೆಯೇ ಅದು, ಮತ್ತು ಅದರ ನೆಲೆ ಆತ್ಮದಲ್ಲಿದೆ ಎಂಬುದು ಅವರ ನಿಲುವು. ಮೈಮೊನಿಡೀಸರು ತಳ್ಳಿಹಾಕಿದ್ದ ರಬ್ಬಿಯ ಮಾತಿಗೆ ಇದರಿಂದ ಮತ್ತೆ ಅರ್ಥ ಬಂದಿತು. ತರ್ಕದಲ್ಲಿ ಕ್ರೆಸ್ಕಾಸರ ಕೈ ಮೇಲು ಎಂದೇ ನನ್ನ ಎಣಿಕೆ.

ಆದರೆ ತತ್ತ್ವಜ್ಞಾನದಲ್ಲಿ ಕಾಲವನ್ನು ನಿಸರ್ಗದ ವಸ್ತುವಿನಂತೆ ಕಂಡ ಮೈಮೊನಿಡೀಸರೇ ಧರ್ಮಶಾಸ್ತ್ರಕ್ಕೆ ಬಂದಾಗ ಅದನ್ನು ಮನುಷ್ಯರ ಕೈಯಲ್ಲಿಟ್ಟರು. ಇಂದು ನಾವು ಎಷ್ಟೇ ನಿಖರವಾಗಿ ಲೆಕ್ಕ ಹಾಕಿದರೂ ಆ ಲೆಕ್ಕ ತಿಂಗಳನ್ನು ಮಾಡುವುದಿಲ್ಲ, ಇಸ್ರಾಯೇಲ್ ನಾಡಿನಲ್ಲಿ ವಾಸಿಸುವ ಯೆಹೂದಿಗಳ ನಿರ್ಣಯವೇ ತಿಂಗಳನ್ನು ಮಾಡುತ್ತದೆ. ಆ ನಾಡಿನಲ್ಲಿ ಒಬ್ಬ ಯೆಹೂದಿಯೂ ಉಳಿಯದಿದ್ದರೆ ನಮ್ಮ ಲೆಕ್ಕದಿಂದ ಪ್ರಯೋಜನವಿಲ್ಲ ಎಂದು ಅವರು ಬರೆದರು. ಸ್ಪೇನಿನ ಗಿರೋನಾದ ಪಂಡಿತ ನಹ್ಮನಿಡೀಸ್ ಇದನ್ನು ಒಪ್ಪಲಿಲ್ಲ. ಲೆಕ್ಕದ ಪಂಚಾಂಗವನ್ನು ಜಾರಿಗೆ ತಂದರೆಂದು ಪರಂಪರೆ ಹೇಳುವ 4ನೆಯ ಶತಮಾನದ ಹಿಲ್ಲೆಲ್, ಮುಂದೆ ಬರುವ ತಿಂಗಳುಗಳನ್ನೆಲ್ಲ ಆಗಲೇ ಪವಿತ್ರಗೊಳಿಸಿಟ್ಟಿದ್ದಾರೆ ಎಂಬುದು ಅವರ ವಾದ. ಇಬ್ಬರಲ್ಲಿ ಯಾರೊಬ್ಬರೂ ಗಣಿತವೊಂದೇ ಸಾಕೆಂದು ಹೇಳಲಿಲ್ಲ.

ಸಬ್ಬತ್ತಿನ ಮಾತು ಬೇರೆ. ಏಳನೆಯ ದಿನವನ್ನು ದೇವರೇ ಪವಿತ್ರಗೊಳಿಸಿದನೆಂದು ಆದಿಕಾಂಡ ಹೇಳುತ್ತದೆ. ಅದಕ್ಕೆ ಚಂದ್ರನೂ ಬೇಡ, ಸಾಕ್ಷಿಯೂ ಬೇಡ, ನ್ಯಾಯಸಭೆಯೂ ಬೇಡ. ಪ್ರಾರ್ಥನೆಯ ಮಾತುಗಳಲ್ಲಿಯೂ ಈ ಭೇದವಿದೆ. ಸಬ್ಬತ್ತಿನಂದು ದೇವರನ್ನು ಸಬ್ಬತ್ತನ್ನು ಪವಿತ್ರಗೊಳಿಸುವವನು ಎಂದು ಸ್ತುತಿಸಿದರೆ, ಹಬ್ಬದ ದಿನ ಇಸ್ರಾಯೇಲನ್ನೂ ಕಾಲಗಳನ್ನೂ ಪವಿತ್ರಗೊಳಿಸುವವನು ಎನ್ನುತ್ತಾರೆ. ಜನ ಮೊದಲು ಪವಿತ್ರರಾಗುತ್ತಾರೆ, ಆಮೇಲೆ ಅವರು ಕಾಲಗಳನ್ನು ಪವಿತ್ರಗೊಳಿಸುತ್ತಾರೆ ಎಂದು ತಾಲ್ಮುಡ್ ಇದನ್ನು ಬಿಡಿಸಿ ಹೇಳುತ್ತದೆ. ಆದರೂ ಸಬ್ಬತ್ತಿನಿಂದ ಮನುಷ್ಯ ಪೂರ್ತಿ ಮರೆಯಾಗುವುದಿಲ್ಲ. ಮರುಭೂಮಿಯಲ್ಲಿ ದಾರಿ ತಪ್ಪಿ ದಿನದ ಲೆಕ್ಕವನ್ನೇ ಮರೆತವನು ಏನು ಮಾಡಬೇಕು? ಆರು ದಿನ ಎಣಿಸಿ ಏಳನೆಯದನ್ನು ಆಚರಿಸಲಿ ಎಂದರು ರಾವ್ ಹೂನಾ, ಏಕೆಂದರೆ ಜಗತ್ತು ಸೃಷ್ಟಿಯಾದ ಕ್ರಮ ಅದು. ಮೊದಲು ಸಬ್ಬತ್ತನ್ನು ಆಚರಿಸಿ ಆಮೇಲೆ ಆರು ದಿನ ಎಣಿಸಲಿ ಎಂದರು ‘ರಾವ್’ ಎಂದಷ್ಟೇ ಹೆಸರಾದ ಇನ್ನೊಬ್ಬ ಪಂಡಿತರ ಮಗ ಹಿಯ್ಯಾ, ಏಕೆಂದರೆ ಆರನೆಯ ದಿನ ಹುಟ್ಟಿದ ಆದಾಮನು ಕಂಡ ಮೊದಲ ಪೂರ್ಣ ದಿನ ಸಬ್ಬತ್ತೇ. ಆ ಪ್ರಯಾಣಿಕ ದಿನವೂ ಅಂದಂದಿನ ಹೊಟ್ಟೆಪಾಡಿಗೆ ಬೇಕಾದಷ್ಟೇ ದುಡಿಯಬೇಕು, ಏಕೆಂದರೆ ಯಾವ ದಿನ ನಿಜವಾದ ಸಬ್ಬತ್ತೋ ಅವನಿಗೆ ಗೊತ್ತಿಲ್ಲ. ಆದರೂ ತಾನು ಎಣಿಸಿಕೊಂಡ ಆ ಒಂದು ದಿನವನ್ನು ಪ್ರಾರ್ಥನೆಯಿಂದ ಬರಮಾಡಿಕೊಂಡು ಪ್ರಾರ್ಥನೆಯಿಂದ ಬೀಳ್ಕೊಡಬೇಕು.

ನಮ್ಮ ಪಶ್ಚಿಮ ಕರಾವಳಿಯಲ್ಲಿಯೇ ಇದಕ್ಕೊಂದು ಸಾಕ್ಷಿಯಿದೆ. ಕೊಂಕಣದ ಬೆನೆ ಇಸ್ರಾಯೇಲ್ ಯೆಹೂದಿಗಳು ಗಾಣದಲ್ಲಿ ಎಣ್ಣೆ ತೆಗೆಯುವ ಕಸುಬಿನವರಾಗಿದ್ದು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಉಳಿದ ಯೆಹೂದಿ ಲೋಕದಿಂದ ಬಹುಕಾಲ ದೂರವಿದ್ದ ಆ ಸಮುದಾಯದ ಗುರುತು ವಾರದ ಒಂದು ದಿನದಲ್ಲಿ ಉಳಿದುಬಂದಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಚಾರವನ್ನು ಹೆಚ್ಚು ಜನರಿಗೆ ಮುಟ್ಟಿಸಿದವರು ಅಬ್ರಹಾಂ ಜೋಶುವಾ ಹೆಶೆಲ್. 1907ರಲ್ಲಿ ವಾರ್ಸಾದಲ್ಲಿ ಹುಟ್ಟಿ, ನಾಜಿಗಳ ಯುರೋಪಿನಿಂದ ಪಾರಾಗಿ ಅಮೆರಿಕ ಸೇರಿದ ಇವರು 1951ರಲ್ಲಿ ಸಬ್ಬತ್ತನ್ನು ಕುರಿತು ಬರೆದ ಚಿಕ್ಕ ಪುಸ್ತಕದಲ್ಲಿ ಅದನ್ನು ಕಾಲದಲ್ಲಿ ಕಟ್ಟಿದ ಅರಮನೆ ಎಂದು ಕರೆದರು. ಬೈಬಲಿನ ಮೊದಲ ಐದು ಗ್ರಂಥಗಳಾದ ತೋರಾದಲ್ಲಿ ಮೊತ್ತಮೊದಲು ಪವಿತ್ರವೆಂದು ಹೇಳಿಸಿಕೊಂಡದ್ದು ಒಂದು ಬೆಟ್ಟವೋ ಬಲಿಪೀಠವೋ ಆಗಿರದೆ ಒಂದು ದಿನ ಎಂಬುದನ್ನು ಅವರು ಎತ್ತಿ ತೋರಿಸಿದರು. ಅದಕ್ಕೆ ಶಾಸ್ತ್ರದ ಬೆಂಬಲವೂ ಇದೆ: ಮರುಭೂಮಿಯಲ್ಲಿ ಆರಾಧನೆಗಾಗಿ ದೇವರ ಗುಡಾರವನ್ನು ಕಟ್ಟುವ ಕೆಲಸವನ್ನು ಕೂಡ ಸಬ್ಬತ್ತಿನ ದಿನ ನಿಲ್ಲಿಸಬೇಕಾಗಿತ್ತು, ಆ ಕಟ್ಟಡಕ್ಕೆ ಬೇಕಾದ ಕೆಲಸಗಳಿಂದಲೇ ಸಬ್ಬತ್ತಿನಲ್ಲಿ ನಿಷಿದ್ಧವಾದ 39 ಬಗೆಯ ಕೆಲಸಗಳ ಪಟ್ಟಿ ಸಿದ್ಧವಾಯಿತು. ಹೆಶೆಲ್ ಅವರ ಮಾತು ನನ್ನನ್ನು ಆಳವಾಗಿ ತಟ್ಟಿದೆ. ಆದರೆ ಅವರು ಸ್ಥಳ ಮತ್ತು ಕಾಲಗಳ ನಡುವೆ ಎಳೆದ ಗೆರೆ ಸ್ವಲ್ಪ ಬಿಗಿಯಾಯಿತೆಂದು ಹೇಳದಿರಲಾರೆ. ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕೆಂಬ ಯಾಜಕಕಾಂಡದ ವಿಧಿ ಇಸ್ರಾಯೇಲಿನ ನೆಲಕ್ಕೆ ಅಂಟಿಕೊಂಡದ್ದು. 2021ರಿಂದ 2022ರವರೆಗಿನ ಅಂಥ ವರ್ಷದಲ್ಲಿಯೂ ಅಲ್ಲಿ ಅದನ್ನು ಪಾಲಿಸಿದ ರೈತರಿದ್ದರು. ಆ ವಿಧಿಯಲ್ಲಿ ಸಬ್ಬತ್ತನ್ನು ಆಚರಿಸುವುದು ಮಣ್ಣೇ.

ಇಲ್ಲಿಯವರೆಗೆ ಹೇಳಿದ್ದು ಬರುವ ದಿನಗಳ ವಿಚಾರ. ಕಳೆದ ದಿನದ ಮೇಲೆಯೂ ಮನುಷ್ಯನಿಗೆ ಅಧಿಕಾರವಿದೆಯೇ ಎಂಬುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಪಸ್ಕದ ರಾತ್ರಿ, ಪ್ರತಿಯೊಂದು ತಲೆಮಾರಿನಲ್ಲಿಯೂ ಒಬ್ಬೊಬ್ಬನೂ ತಾನೇ ಈಜಿಪ್ಟಿನಿಂದ ಹೊರಬಂದವನೆಂದು ಭಾವಿಸಬೇಕು ಎಂಬ ಮಿಶ್ನಾದ ಮಾತನ್ನು ಓದುತ್ತಾರೆ. ಪಶ್ಚಾತ್ತಾಪದ ವಿಚಾರದಲ್ಲಿ ತಾಲ್ಮುಡ್ ಇನ್ನೂ ಮುಂದೆ ಹೋಗುತ್ತದೆ. ಪಶ್ಚಾತ್ತಾಪ ಎಷ್ಟು ದೊಡ್ಡದೆಂದರೆ ಬೇಕೆಂದು ಮಾಡಿದ ಪಾಪಗಳು ಅರಿಯದೆ ಮಾಡಿದ ತಪ್ಪುಗಳಾಗುತ್ತವೆ ಎಂದು ರೇಷ್ ಲಾಕಿಷ್ ಹೇಳಿದರೆಂದು ಯೋಮಾ ಪ್ರಕರಣದಲ್ಲಿದೆ. ಅದರ ಬೆನ್ನಿಗೇ, ಆ ಪಾಪಗಳು ಪುಣ್ಯಗಳಾಗುತ್ತವೆ ಎಂದೂ ಅವರದೇ ಹೆಸರಿನಲ್ಲಿ ಇನ್ನೊಂದು ಮಾತು ಬರುತ್ತದೆ. ಎರಡೂ ಹೇಗೆ ನಿಜವಾದೀತು ಎಂದು ಕೇಳಿ, ಭಯದಿಂದ ಹುಟ್ಟಿದ ಪಶ್ಚಾತ್ತಾಪಕ್ಕೆ ಮೊದಲನೆಯದು, ಪ್ರೀತಿಯಿಂದ ಹುಟ್ಟಿದ್ದಕ್ಕೆ ಎರಡನೆಯದು ಎಂದು ತಾಲ್ಮುಡ್ ಸಮಾಧಾನ ಹೇಳುತ್ತದೆ. ರಬ್ಬಿ ಜೋಸೆಫ್ ಸೊಲೊವೈಚಿಕ್ 1944ರಲ್ಲಿ ಪ್ರಕಟವಾದ ಬರಹದಲ್ಲಿ ಇದನ್ನೇ ಕಾಲದ ತತ್ತ್ವವಾಗಿ ಬೆಳೆಸಿದರು. ನಡೆದದ್ದು ನಡೆದುಹೋಯಿತೆಂಬುದು ಸತ್ತ ಭೂತಕಾಲಕ್ಕೆ ಮಾತ್ರ ಸಲ್ಲುವ ಮಾತು. ಜೀವಂತ ಭೂತಕಾಲದ ಅರ್ಥವನ್ನು ನಾವು ಮುಂದೆ ಆಯ್ದುಕೊಳ್ಳುವ ದಾರಿ ತೀರ್ಮಾನಿಸುತ್ತದೆ ಎಂಬುದು ಅವರ ವಿಚಾರದ ತಿರುಳು.

ಈ ಶಕ್ತಿಯನ್ನು ದಿನಕ್ಕೇ ಒಪ್ಪಿಸಿ ಕೈಕಟ್ಟಿ ಕುಳಿತುಕೊಳ್ಳುವ ಅವಕಾಶವನ್ನು ಮಾತ್ರ ಮಿಶ್ನಾ ಕೊಡುವುದಿಲ್ಲ. ಮನುಷ್ಯನಿಗೂ ದೇವರಿಗೂ ನಡುವಿನ ತಪ್ಪುಗಳನ್ನು ಯೋಮ್ ಕಿಪ್ಪೂರ್ ಪರಿಹರಿಸುತ್ತದೆ; ಮನುಷ್ಯನಿಗೂ ಅವನ ನೆರೆಯವನಿಗೂ ನಡುವಿನ ತಪ್ಪುಗಳನ್ನು, ಅವನು ಆ ನೆರೆಯವನ ಬಳಿಗೆ ಹೋಗಿ ಸಮಾಧಾನಪಡಿಸುವವರೆಗೆ, ಯೋಮ್ ಕಿಪ್ಪೂರ್ ಕೂಡ ಪರಿಹರಿಸುವುದಿಲ್ಲ ಎಂದು ಅದು ವಿಧಿಸುತ್ತದೆ. ಆದ್ದರಿಂದ ಧರ್ಮನಿಷ್ಠ ಯೆಹೂದಿಗಳು ಹೊಸ ವರ್ಷದಿಂದ ಯೋಮ್ ಕಿಪ್ಪೂರಿನವರೆಗಿನ ಹತ್ತು ದಿನಗಳಲ್ಲಿ ಪ್ರಾರ್ಥನೆಯ ಜೊತೆಗೆ, ತಾವು ನೋಯಿಸಿದವರನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳುತ್ತಾರೆ. ಆ ಕೆಲಸ ಉಪವಾಸದ ದಿನ ಆರಂಭವಾಗುವ ಸೂರ್ಯಾಸ್ತದೊಳಗೆ ಮುಗಿಯಬೇಕು.

ನಮಸ್ಕಾರ.